ಗಡಿಕಲ್ಲಿನ ಮೇಲೆ ಇಟ್ಟ ಬಾಗಿನ

ಹುಣಸೆಹಣ್ಣು ಕಿವುಚಿ ಪೂಜೆಯ ತಂಬಿಗೆ ತಿಕ್ಕುತ್ತಿದ್ದೆ. ಮಾರನೆಯ ದಿನ ಸೋಮವಾರ. ತಂಬಿಗೆಯ ಕಂಠದಲ್ಲಿ ಕಪ್ಪು ಕೂತಿತ್ತು. ಅದು ಹೋಗುವವರೆಗೆ ಏಳಬಾರದೆಂದು ಹಟ ಹಿಡಿದಿದ್ದೆ. ಆಗ ಊರಾಚೆ ಬೇನೆಯವರ ಶೆಡ್ಡಿನ ಕಾವಲಿನ ಮುದುಕ ನಮ್ಮ ಹಿತ್ತಲ ಬೇಲಿ ಹಿಡಿದು ನಿಂತ. ಓಡಿ ಬಂದು ಏದುಸಿರು ಬಿಡುತ್ತಿದ್ದ.

“ಅಮ್ಮಾ, ನಿಮ್ಮ ಅಕ್ಕಾವ್ರನ್ನ ಹೊಡೀತಾವ್ರೆ. ಗಡಿಕಲ್ಲ ಹತ್ರ. ಹೆಂಗಸ್ರೂ ಸೇರ್ಕೊಂಡವ್ರೆ.”

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಅಣ್ಣತಮ್ಮಂದಿರಿಬ್ಬರಿಗೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಅತ್ತೆಯೂ ನಾವೂ ಒಂದೇ ಲೈನ್ ಮನೆಯಲ್ಲಿದ್ದೆವು. ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಆ ಬೇಸಿಗೆ ಕೂಲಿ ಲೈನಿನಲ್ಲಿ ವಾಂತಿಭೇದಿ ಎದ್ದಿತು. ಶಿವಮೊಗ್ಗದ ಕೆಲವು ವರ್ತಕರ ಮನೆಯವರು ಸೇರಿ ಮಾಡಿಕೊಂಡಿದ್ದ ಧರ್ಮದ ಮಂಡಳಿಯೊಂದು ಊರಾಚೆ ಸೋಗೆಯ ಶೆಡ್ಡುಗಳನ್ನು ಹಾಕಿಸಿ, ಬೇನೆ ಬಿದ್ದವರನ್ನು ಅಲ್ಲಿ ಮಲಗಿಸಿತು. ಡಾಕ್ಟರು ಬಂದು ಹೋಗುತ್ತಿದ್ದರು. ಕಾಯಿಸಿದ ನೀರು ಮತ್ತು ಗಂಜಿ ನಮ್ಮ ಲೈನಿನ ಹೆಂಗಸರ ಪಾಲಿಗೆ ಬಂತು. ಬೇರೆಯವರು ಬೇಯಿಸಿ ಕೊಡುತ್ತಿದ್ದರು. ಹೊತ್ತುಕೊಂಡು ಹೋಗಲು ಧೈರ್ಯ ಮಾಡಿದವರು ಅಕ್ಕ ಮಾತ್ರ. ಶೆಡ್ಡಿಗೆ ಹೋಗಬೇಕಾದರೆ ಒಂದು ಹಳ್ಳಿಯ ಗಡಿಯನ್ನು ಹಾಯಲೇಬೇಕಿತ್ತು.

ಶೆಡ್ಡಿನ ಹೆಂಗಸರಿಗೆ ಮೈಮೇಲೆ ಬಟ್ಟೆಯಿಲ್ಲವೆಂದು ನಾವು ಶಿವಮೊಗ್ಗಕ್ಕೆ ಹೇಳಿಕಳಿಸಿದ್ದೆವು. ಮಂಡಳಿಯ ಹಿರಿಯಮ್ಮ ಅಂದು ಬೆಳಗಿನ ರೈಲಿಗೆ ಸೀರೆ ಕಳಿಸಿದ್ದರು. ಆಕೆ ದೊಡ್ಡ ಆಚಾರವಂತೆ. ಮುತ್ತೈದೆಯರಿಗೆ ಬರಿಯ ಸೀರೆ ಕೊಡಬಾರದೆಂದು ಮೊರದ ಬಾಗಿನದಂತೆ ಜೋಡಿಸಿದ್ದರು. ಸೀರೆಗಳ ಜೊತೆ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಎಲ್ಲದರ ಮೇಲೆ ಇನ್ನೊಂದು ಮೊರ ಕವುಚಿ ಕಟ್ಟಿತ್ತು. ನೊಣಕ್ಕೆ ಹೊಗೆ ಹಾಕಲಿ ಎಂದು ಒಂದು ಹೊರೆ ಬೇವಿನ ಸೊಪ್ಪನ್ನೂ ಸೇರಿಸಿದ್ದರು. ಅತ್ತೆ ನೋಡಿ, “ಎಷ್ಟು ಅಚ್ಚುಕಟ್ಟು ನೋಡೇ. ಕೊಟ್ರೆ ಹಿಂಗೆ ಕೊಡ್ಬೇಕು,” ಎಂದರು. ನಮಗಾರಿಗೂ ಬೇರೆ ಏನೂ ಹೊಳೆಯಲಿಲ್ಲ.

ಹಳ್ಳಿಗಳಲ್ಲಿ ಬೇನೆ ಬಂದರೆ ಮಾರಿ ದಾಟಿಸುವುದುಂಟು. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಕಣ, ಬೇವಿನ ಸೊಪ್ಪು ಇಟ್ಟು, “ತಾಯೀ, ಮುಂದಕ್ಕೆ ಹೋಗು,” ಎಂದು ಕೈಮುಗಿದು ಪಕ್ಕದ ಊರಿನ ಗಡಿಯಲ್ಲಿ ಇಟ್ಟು, ತಿರುಗಿ ನೋಡದೆ ಬಂದುಬಿಡುತ್ತಾರೆ. ಬೇನೆ ಆ ಊರಿಗೆ ಹೋಯಿತೆಂದು ಅರ್ಥ. ಆ ಊರಿನವರ ಕೈಗೆ ಸಿಕ್ಕರೆ ಇಟ್ಟವರ ಗತಿ ಹೇಳಬೇಕಾಗಿಲ್ಲ. ಅಕ್ಕ ಕಾಲಿಗೆ ಮುಳ್ಳು ಹೊಕ್ಕಿತೆಂದು ಮೊರವನ್ನು ಗಡಿಕಲ್ಲಿನ ಮೇಲೆ ಇಳಿಸಿ, ಮುಳ್ಳು ಕೀಳಲು ಅತ್ತ ಬೇವಿನ ಮರದ ನೆರಳಿಗೆ ಹೋಗಿ ಕೂತರಂತೆ. ಅಷ್ಟೇ.

ನಾನು ಹುಣಸೆಹಣ್ಣಿನ ಕೈಯಲ್ಲೇ ಓಡಿದೆ. ಭಾನುವಾರವಾದರೂ ಗಂಡಸರಿಬ್ಬರೂ ಪಾಳಿಯ ಮೇಲೆ ಕಾರ್ಖಾನೆಯಲ್ಲಿದ್ದರು. ಹೇಳಿಕಳಿಸಲು ಹೊತ್ತಿರಲಿಲ್ಲ.

ಅಕ್ಕ ಕಲ್ಲಿನ ಬುಡದಲ್ಲಿ ಬಿದ್ದಿದ್ದರು. ಎಡಗೈ ಮೊಣಕೈಯಿಂದ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಹುಬ್ಬು ಸೀಳಿ ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಒಬ್ಬ ಪಕ್ಕೆಗೆ ಒದೆಯುತ್ತಿದ್ದ. ಒದ್ದಾಗಲೆಲ್ಲ ಅಕ್ಕನ ಬಾಯಿಂದ ದನದ ಹಾಗೆ ಒಂದು ಸದ್ದು ಬರುತ್ತಿತ್ತು. ಒಬ್ಬಳು ಅವರ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ತಲೆಯನ್ನು ಕಲ್ಲಿಗೆ ಕುಟ್ಟುತ್ತಿದ್ದಳು. ಅವಳ ಮುಖ ಗುರುತು ಸಿಕ್ಕಿತು. ದಿನಾ ನಮ್ಮ ಮನೆಗೆ ಮೊಸರು ಹಾಕುತ್ತಿದ್ದವಳು.

“ಇದೇನೇ ನೀನು, ಬಿಡೇ, ಸಾಯ್ತಾರೆ ಅವರು,” ಎಂದು ಅವಳ ಕೈ ಹಿಡಿದೆ.

“ಸಾಯ್ಲಿ. ನಿಮ್ಮ ಬಾಗ್ಲಿಗೆ ಮೊಸ್ರು ತರೋಳ ಬಾಗ್ಲಿಗೇ ಮಾರಿ ತಂದು ಇಡ್ತೀರಲ್ಲ, ನನ್ನ ಮಕ್ಳು ಸಾಯ್ಬೋದಾ?”

“ಮಾರಿ ಅಲ್ಲ ಮಾರಾಯ್ತಿ. ಬಾಗಿನ. ಶೆಡ್ಡಿನ ಹೆಂಗಸ್ರಿಗೆ ಸೀರೆ.”

ಒದೆಯುತ್ತಿದ್ದವನು ನಿಂತು ನಕ್ಕ. “ಗೌರಿ ಹಬ್ಬ ಇನ್ನೂ ಬಂದಿಲ್ಲ ಕಣಮ್ಮ. ಗಡಿಕಲ್ಲಿಗೇ ಬಾಗಿನ ಕೊಡೋಕೆ ಹೊಂಟ್ರಾ? ಕಲ್ಲು ಮುತ್ತೈದೆ ಏನು?” ಸುತ್ತ ನಿಂತವರೂ ನಕ್ಕರು. ನಗುತ್ತಲೇ ಅವನು ದೊಣ್ಣೆ ಬೀಸಿದ. ಅದು ನನ್ನ ಭುಜಕ್ಕೆ ಬಿತ್ತು. ಮಂಡಿಯೂರಿ ಬಿದ್ದೆ. ಬಾಯಿಗೆ ಮಣ್ಣು ಬಂತು. ತಲೆಗೆ ಬೀಳಲಿಲ್ಲವಲ್ಲ, ಶಿವನ ದಯೆ ಎಂದು ಈಗ ಬರೆಯುತ್ತೇನೆ. ಆಗ ಶಿವನ ನೆನಪೂ ಬರಲಿಲ್ಲ.

ಗುಂಪಿನ ಹಿಂದೆ ಯಾರೋ, “ಇಲ್ಲಿ ಹೊಡೆದು ಏನು ಬಂತು? ಶೆಡ್ಡು ಸುಡ್ರೋ. ಬೇರು ಇರೋದೇ ಅಲ್ಲಿ,” ಎಂದ. ಆ ಮಾತಿಗೆ ಗಂಡಸರೆಲ್ಲ ಅತ್ತ ತಿರುಗಿದರು. ಒಣ ಸೋಗೆಗೆ ಬೆಂಕಿ ಹೊತ್ತಿಸಿಕೊಂಡು ಓಡಿದರು. ಅಕ್ಕ ಒಂದೇ ಕಣ್ಣಿನಲ್ಲಿ ನನ್ನನ್ನು ಹುಡುಕಿ, “ನನ್ನ ಬಿಡೇ. ಅಲ್ಲಿ ಏಳಕ್ಕಾಗ್ದೋರು ಇದಾರೆ. ಬಾಣಂತಿ ಇದಾಳೆ,” ಎಂದರು. ಹಲ್ಲಿನ ಸಂದಿಯಿಂದ ರಕ್ತ ಬರುತ್ತಿತ್ತು.

ಮೊದಲನೆಯ ಶೆಡ್ಡು ಹತ್ತಿಕೊಂಡಿತು. ಸೋಗೆ ಉರಿಯುವ ಸದ್ದು ಇಷ್ಟು ದೂರಕ್ಕೆ ಕೇಳಿಸುತ್ತಿತ್ತು. ಕಾವಲಿನ ಮುದುಕ ನನ್ನನ್ನು ದಾಟಿ ಓಡಿ ಒಳಗೆ ನುಗ್ಗಿದ. ಒಬ್ಬರನ್ನು ಕಾಲು ಹಿಡಿದು ಎಳೆದು ತಂದ, ಮತ್ತೆ ನುಗ್ಗಿದ. ಎಳೆದು ತಂದವರನ್ನು ಹೊರಗೆ ನಿಂತವರು ಕೋಲಿನಿಂದ ತಿವಿದು ಮತ್ತೆ ಒಳಕ್ಕೆ ನೂಕಲು ನೋಡುತ್ತಿದ್ದರು. ಮುಟ್ಟಲು ಅವರಿಗೆ ಭಯ, ಕೋಲಾದರೆ ಭಯವಿಲ್ಲ. ಬಾಣಂತಿಯಿದ್ದ ಶೆಡ್ಡು ಅದರ ಪಕ್ಕದ್ದೇ.

ಬಾಗಿನ ಎಂದು ಎಷ್ಟು ಕೂಗಿದರೂ ಅವರ ಕಿವಿಗೆ ಹೋಗುವಂತಿರಲಿಲ್ಲ. ಚೆಲ್ಲಿದ್ದ ಮೊರದ ಹತ್ತಿರ ತೆವಳಿಕೊಂಡು ಹೋದೆ. ಬಳೆ ಎತ್ತಿ ನನ್ನ ಕೈಗೆ ಏರಿಸಿದೆ. ಗಾತ್ರ ಚಿಕ್ಕದು, ಕೆಲವು ಒಡೆದು ಮುಂಗೈ ಕುಯ್ದವು. ಮಣ್ಣು ಬೆರೆತ ಅರಿಶಿನ ಕುಂಕುಮವನ್ನು ಕೆನ್ನೆಗೂ ಹಣೆಗೂ ಮೆತ್ತಿಕೊಂಡೆ. ಕಣವನ್ನು ಮಡಿಲಿಗೆ ಕಟ್ಟಿಕೊಂಡು, ಬೇವಿನ ಸೊಪ್ಪು ಹಿಡಿದು ಎದ್ದು ನಿಂತೆ.

“ಮಾರಿಯಾದ್ರೆ ಮಾರಿ. ನಾನು ತಗೊಂಡೆ. ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ,” ಎಂದೆ.

ಮೊಸರಿನವಳು ಅಕ್ಕನ ಜಡೆ ಬಿಟ್ಟಳು. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ಶೆಡ್ಡಿನ ಕಡೆ ಓಡಿದಳು.

“ನಿಲ್ರೋ, ನಿಲ್ಲಿಸ್ರೋ. ತಾಯಿ ಆಯಮ್ಮನ ಮಡ್ಲಿಗೆ ಹೋದ್ಲು. ಇನ್ನು ಬೆಂಕಿ ಹಾಕಿದ್ರೆ ಸಿಟ್ಟಾಗಿ ನಿಮ್ಮ ಹಿಂದೇನೇ ಬರ್ತಾಳೆ.”

ಗಂಡಸರು ನಿಂತರು. ಕೈಯಲ್ಲಿದ್ದ ಉರಿಯುವ ಸೋಗೆಯನ್ನು ಏನು ಮಾಡಬೇಕೋ ತಿಳಿಯದೆ ನೋಡಿ, ಕೊನೆಗೆ ನೆಲಕ್ಕೆ ಹಾಕಿ ತುಳಿದರು. ಬಾಗಿನವೆಂದು ಅವರು ನಂಬಲಿಲ್ಲ. ಮಾರಿ ತಮ್ಮ ಊರು ಬಿಟ್ಟಳು ಎಂಬುದನ್ನು ನಂಬಿದರು. ಅದರಿಂದ ಬಾಣಂತಿಯ ಶೆಡ್ಡು ಉಳಿಯಿತು.

ಮಾರಿಯನ್ನು ಹೊರಡಿಸಿದ ಮೇಲೆ ಅವಳು ಹಿಂತಿರುಗದಂತೆ ಅಟ್ಟಬೇಕು, ಅದೂ ಪದ್ಧತಿ. ನಾನು ಅಕ್ಕನ ಸೊಂಟ ಹಿಡಿದು ನಡೆಸುತ್ತಿದ್ದರೆ ಹಿಂದಿನಿಂದ ಕಲ್ಲು ಬೀಳುತ್ತಿದ್ದವು. “ತಿರುಗಿ ನೋಡ್ಬೇಡ, ನಡಿ,” ಎಂದು ಕೂಗಿ ಕೂಗಿ ಎಸೆದರು. ಅಕ್ಕನಿಗೆ ತಾಗದಿರಲೆಂದು ನಾನು ಅವರ ಹಿಂದೆ ಹಿಂದೆಯೇ ನಡೆದೆ. ಬೆನ್ನಿಗೆ, ಕಾಲಿನ ಮೀನಖಂಡಕ್ಕೆ, ಒಂದು ಕಿವಿಯ ಹಿಂದೆ. ಕಾರ್ಖಾನೆಯ ಲೈನು ಕಾಣಿಸುವವರೆಗೂ ಎಸೆದರು.

ನಮ್ಮ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಕ್ಕನನ್ನು ಒಳಗೆ ಮಲಗಿಸಿ ಬಂದು ನನ್ನ ಬಳೆ, ಕೆನ್ನೆ, ಮಡಿಲು ನೋಡಿದರು. ನಾನು ಜಗಲಿಯಲ್ಲೇ ನಿಂತೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅಕ್ಕಪಕ್ಕದ ಬಾಗಿಲುಗಳು ಮುಚ್ಚಿದ್ದವು.

“ಶಿವನಿಗಿಂತ ದೊಡ್ಡ ಮಾರಿ ಯಾವ್ದೂ ಇಲ್ಲ. ಒಳಗೆ ಬಾ,” ಎಂದರು ಅತ್ತೆ. ಆಮೇಲೆ, “ಯಾವ್ದಕ್ಕೂ ಇರ್ಲಿ, ಬಲಗಾಲು ಇಟ್ಟು ಬಾ,” ಎಂದರು. ಮದುವೆಯಾಗಿ ಬಂದ ದಿನ ಹೇಳಿದ ಹಾಗೆ ಹೇಳಿದರು. ವಿಭೂತಿ ಹಚ್ಚಿದರು. ಒಂದಿಷ್ಟು ನನ್ನ ಕಣ್ಣಿಗೂ ಬಿತ್ತು.

ಮೂಳೆ ಕಟ್ಟುವವನನ್ನು ಭಾವನವರು ಕರೆತಂದರು. ಅವನು ಎಳೆದು ಕೂರಿಸುವಾಗ ಅಕ್ಕ ಸೆರಗನ್ನು ಕಚ್ಚಿ ಹರಿದರು. ಕೈ ಸೊಟ್ಟಗಾಯಿತು, ಆದರೆ ಉಳಿಯಿತು. ಕಣ್ಣೂ ಉಳಿಯಿತು. ಉರಿದ ಶೆಡ್ಡಿನಿಂದ ಮುದುಕ ಎಳೆದು ತಂದವರಲ್ಲಿ ಒಬ್ಬಾಕೆ ಸಂಜೆಗೆ ಸತ್ತಳು. ಬೆಂಕಿಯಿಂದಲೋ ಬೇನೆಯಿಂದಲೋ ಯಾರಿಗೆ ಗೊತ್ತು. ನಾನು ಉಳಿದದ್ದನ್ನು ಎಣಿಸಿಕೊಳ್ಳುವವಳು, ಆದರೆ ಅವಳನ್ನು ಬಿಟ್ಟು ಎಣಿಸಲು ಆಗುವುದಿಲ್ಲ. ಹಿರಿಯಮ್ಮನಿಗೆ ವಿಷಯ ತಿಳಿದ ಮೇಲೆ ಬಟ್ಟೆಯೆಲ್ಲ ಗೋಣಿಚೀಲದಲ್ಲಿ ಬಂತು.

ಮಾರನೆಯ ಬೆಳಿಗ್ಗೆ ಗಂಜಿ ಹೊರಲು ಯಾರೂ ಇರಲಿಲ್ಲ. ನಮ್ಮ ಯಜಮಾನರು, “ನಾನೂ ಬರ್ತೀನಿ,” ಎಂದರು. ಬೇಡವೆಂದೆ. ಗಂಡಸರನ್ನು ಕಂಡರೆ ಮತ್ತೆ ದೊಣ್ಣೆ ಎದ್ದಾವು. ಗಂಜಿಯ ಪಾತ್ರೆ ಹೊತ್ತು ಒಬ್ಬಳೇ ಹೋದೆ. ಮೊಸರಿನವಳು ದೂರದಿಂದಲೇ ಕಂಡು ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡಳು. “ದಾರಿ ಬಿಡ್ರೋ, ಮುಟ್ಟಬ್ಯಾಡ್ರಿ, ತಾಯಿ ಜೊತೆಗವ್ಳೆ,” ಎಂದಳು. ದೊಣ್ಣೆ ಬೀಸಿದವನು ಬೇಲಿಯ ಆಚೆಗೆ ಸರಿದು ನಿಂತು ಕೈಮುಗಿದ. ನನಗೋ, ತಾಯಿಗೋ. ನಾನು ಬಾಯಿ ಬಿಡಲಿಲ್ಲ. ತಿದ್ದಿ ಹೇಳಲು ಹೋದರೆ ದಾರಿ ಮುಚ್ಚಿಹೋಗುತ್ತಿತ್ತು. ಬೇನೆ ಇಳಿಯುವವರೆಗೂ ಹಾಗೆಯೇ ಹೋಗಿಬಂದೆ, ಯಾರೂ ಅಡ್ಡ ಬರಲಿಲ್ಲ.

ಅಂದು ಬಾಣಂತಿ ಗಂಜಿ ಕುಡಿದಳು. ಮಗು ಮೊಲೆ ಕಚ್ಚಿಕೊಂಡಿತ್ತು. ಮನೆಗೆ ಬಂದು ಅಕ್ಕನಿಗೆ ಅಷ್ಟು ಹೇಳಿದೆ. ಅವರು ಕಣ್ಣು ಬಿಡದೆ, “ಉಪ್ಪು ಸರಿ ಹಾಕಿದ್ಯಾ?” ಎಂದು ಕೇಳಿದರು. ಹಾಕಿದ್ದೆ ಎಂದೆ. ಅವರ ರಕ್ತದ ಸೀರೆಯನ್ನು ರಾತ್ರಿಯೇ ತಣ್ಣೀರಿನಲ್ಲಿ ನೆನೆಹಾಕಿದ್ದೆ. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ಕಲೆ ನಿಂತುಬಿಡುತ್ತದೆ. ಬಿಸಿಲೇರುವ ಮೊದಲು ಒಗೆದುಬಿಡೋಣವೆಂದು ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಹೋದೆ.