ತೊಟ್ಟಿಲ ಮೂಲೆಯಲ್ಲಿ ಕೆರೆದ ಜಾಗ

ಮೊಮ್ಮಗಳ ಬಾಣಂತನಕ್ಕೆಂದು ಮಗಳ ಮನೆಯ ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿದರು. ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದಂತೆ ಅರಗಿನ ವಾಸನೆ ಎದ್ದಿತು. ಒಂದು ಹಲಗೆಯ ಬಲ ಮೂಲೆಯಲ್ಲಿ ನನ್ನ ಬೆರಳು ತರಚಿತು. ಅಲ್ಲಿ ಬಣ್ಣವಿಲ್ಲ, ಬರೀ ಕೆರೆದ ಕಟ್ಟಿಗೆ. ಕೆರೆಸಿದವಳು ನಾನೇ.

ಎಂಬತ್ತರ ದಶಕದ ಮಾತು. ಕಲಘಟಗಿಯಲ್ಲಿ ನಮ್ಮ ಬಾಜು ಮನೆಯವರು ತೊಟ್ಟಿಲಿಗೆ ಚಿತ್ರ ಬರೆಯುತ್ತಿದ್ದರು. ಊರಿಗೆಲ್ಲ ಅವರು ತೊಟ್ಟಿಲ ಕಾಕಾ. ಬರೆಯುತ್ತಿದ್ದದ್ದು ಬಾಲಕೃಷ್ಣನ ಆಟ, ಪಾಂಡವರ ವನವಾಸ... ಆದರೆ ಅವರ ಗೋಡೆಯ ಮೇಲೆ ಇದ್ದದ್ದು ಬೇರೆ ಚಿತ್ರ. ಯಾವುದೋ ಬಂಗಲೆಯ ಸಾಮಾನು ಹರಾಜಾದಾಗ ಅವರ ಅಪ್ಪ ತಂದದ್ದಂತೆ. ಇಂಗ್ಲೆಂಡಿನ ಒಂದು ಹೊಳೆ, ಕಲ್ಲಿನ ಸೇತುವೆ, ಬಾಗಿದ ಮರ. ಬಣ್ಣವೇ ಇಲ್ಲ, ಕೂದಲೆಳೆಯಂಥ ಗೆರೆಗಳು. ಆ ಗೆರೆಗಳಲ್ಲೇ ನೀರು ಹರಿಯುತ್ತಿತ್ತು.

"ತಗಡಿನ ಮ್ಯಾಲೆ ಕೆತ್ತಿ ಅಚ್ಚು ಒತ್ಯಾನ ನೋಡವ್ವಾ. ಎಡಕ್ಕ ಬರದಾವನ ಹೆಸರು, ಬಲಕ್ಕ ಕೆತ್ತಿದಾವನ ಹೆಸರು. ಸಾಲಿ ಮಾಸ್ತರು ಓದಿ ಹೇಳ್ಯಾರ. ಸತ್ತು ನೂರು ವರ್ಷಾಗಿರಬೇಕು, ಹೆಸರು ಐತಿ," ಎಂದು ಕಾಕಾ ಒಮ್ಮೆ ತೋರಿಸಿದ್ದರು.

"ಅವನ ಹೆಸರು ತಗೊಂಡು ನಾವೇನ್ ಮಾಡೂಣ್ರಿ?" ಎಂದೆ.

ಮಗಳ ಚೊಚ್ಚಲ ಕೂಸಿಗೆ ತವರಿನ ತೊಟ್ಟಿಲು ಅವರಿಂದಲೇ ಮಾಡಿಸಿದೆ. ಮೂರು ಹಲಗೆಗೆ ದೇವರ ಕಥೆ. ನಾಲ್ಕನೆಯದಕ್ಕೆ ನಮ್ಮ ಬೇಡ್ತಿ ಹೊಳೆ. ದಂಡೆಯಲ್ಲಿ ಎಮ್ಮೆ, ಬಟ್ಟೆ ಒಗೆಯುವ ಹೆಂಗಸು. ನೀರು ಮಾತ್ರ ಆ ಇಂಗ್ಲೆಂಡಿನವನ ಹಾಗೆ, ಬರೀ ಗೆರೆ. ಬಲ ಮೂಲೆಯಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ಅವರ ಹೆಸರು.

ನನಗೆ ತಲೆ ಕೆಟ್ಟಿತು. "ಬೀಗರ ಮನಿಗೆ ಹೋಗೂ ತೊಟ್ಟಲಕ್ಕ ನಿಮ್ಮ ಹೆಸರ್ಯಾಕ್ರಿ ಕಾಕಾ? ಕೂಸೇನ್ ನಿಮ್ಮದ?"

"ನಾ ಮಾಡೀನಿ ಅಂತ ಅಷ್ಟ, ಯವ್ವಾ. ಹೊಳಿ ಇರ್ಲಿ?"

"ಹೊಳಿ ಇರ್ಲಿ. ಹೆಸರು ತಗೀರಿ."

ಉಳಿ ಹಿಡಿದು ತಾವೇ ಕೆರೆದರು. ಮೇಲೆ ಬಣ್ಣ ಹಚ್ಚಲು ಹೇಳಿದೆ.

"ಹೆಸರು ತಗಿ ಅಂದಿ, ತಗದೆ. ಬಣ್ಣ ಹಚ್ಚಾಂಗಿಲ್ಲ."

ಆಮೇಲೆಯೂ ಎಷ್ಟೋ ತೊಟ್ಟಿಲು ಮಾಡಿದರು. ಹೊಳೆ ಮತ್ತೆ ಬರೆಯಲಿಲ್ಲ. ನನ್ನೊಡನೆ ಮಾತೂ ಬಿಡಲಿಲ್ಲ, ಹಬ್ಬಕ್ಕೆ ಹೋಳಿಗೆ ಕೊಟ್ಟರೆ ಉಂಡರು. ಒಂದು ಸಲ ಬೈದಿದ್ದರೆ ನನಗೂ ತಿರುಗಿ ಬೈಯಲು ಬರುತ್ತಿತ್ತು... ಅವರು ತೀರಿಹೋದ ಮೇಲೆ ಮನೆಯವರು ಊರು ಬಿಟ್ಟರು. ಎಲ್ಲಿದ್ದಾರೋ.

ಈಗ ಮೊಮ್ಮಗಳ ಗಂಡ ಆ ಹೊಳೆಯ ಫೋಟೋ ತೆಗೆದು ಕೇಳಿದ: "ಇದನ್ನ ಮಾಡಿದವರ ಹೆಸರೇನ್ರೀ ಅಜ್ಜಿ?"

ತೊಟ್ಟಿಲ ಕಾಕಾ ಅಂತಷ್ಟೇ ಹೇಳಿದೆ. ಇಪ್ಪತ್ತು ವರ್ಷ ಬಾಜು ಮನೆಯಲ್ಲಿದ್ದೂ ಅವರ ಹೆಸರನ್ನು ಒಮ್ಮೆಯೂ ಕೇಳಿದವಳಲ್ಲ. ಎರಡನೆಯ ಇಯತ್ತೆ ಕಲಿತಿದ್ದೇನೆ, ಅಕ್ಷರ ಕೂಡಿಸಿ ಓದಬಲ್ಲೆ. ಕೆರೆಸುವ ಮೊದಲು ಅದನ್ನು ಓದಲೂ ಇಲ್ಲ. ಸೊಕ್ಕು, ಬೇರೇನಲ್ಲ. ಆ ಇಂಗ್ಲೆಂಡಿನವನ ಹೆಸರು ಇನ್ನೂ ಯಾವುದಾದರೂ ಗೋಡೆಯ ಮೇಲಿರಬಹುದು.

"ಇಷ್ಟ ಜಾಗಕ್ಕ ಬಣ್ಣ ಹಚ್ಚಸೂಣೇನಜ್ಜಿ?" ಎಂದಳು ಮೊಮ್ಮಗಳು.

"ಹಚ್ಚಾಂಗಿಲ್ಲ," ಎಂದೆ.