ಆದರಕ್ಕೆ ಸೇರಿಕೊಂಡ ಹಕಾರ

ನಮ್ಮ ದೊಡ್ಡಮ್ಮ ಒಂದು ವಾರಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕರಡು ತಿದ್ದಿದವಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕೊಂಬು ಮೇಡಂ ಎಂದು. ಅಕ್ಷರಕ್ಕೆ ಕೊಂಬು ಹಾಕದೆ ಬಿಟ್ಟವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಅವಳ ತಲೆಯ ಮೇಲೇ ಎರಡಿವೆ ಎನ್ನುವುದು ಬೆನ್ನ ಹಿಂದೆ ಹೇಳುವ ಕಾರಣ. ಎರಡೂ ಅವಳಿಗೆ ಗೊತ್ತಿದ್ದವು. ಎರಡಕ್ಕೂ ಒಳಗೊಳಗೇ ಖುಷಿಪಡುತ್ತಿದ್ದಳು.

ಮುಂದಿನ ಸಂಗತಿಯನ್ನು ಅವಳು ನನಗೆ ಒಮ್ಮೆಗೇ ಹೇಳಲಿಲ್ಲ. ಅವಳ ಕಣ್ಣಿನ ಆಪರೇಷನ್ ಆದ ಮೇಲೆ ದಿನಕ್ಕೆ ನಾಲ್ಕು ಸಲ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹನಿ ಬಿದ್ದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಬೇಕು. ನನ್ನ ಮುಖ ನೋಡಬೇಕಿಲ್ಲದ ಆ ಐದೈದು ನಿಮಿಷಗಳಲ್ಲಿ ತುಂಡು ತುಂಡಾಗಿ ಹೇಳಿದಳು.

ಪತ್ರಿಕೆಯ ಕಚೇರಿ ಬೀಗದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಒಂದು ತುದಿಯಲ್ಲಿ ದೊಡ್ಡಮ್ಮ, ಇನ್ನೊಂದು ತುದಿಯಲ್ಲಿ ಪುಟ ಕಟ್ಟುವವನು. ಪ್ರತಿವರ್ಷ ರಜೆಯಲ್ಲಿ ಕಾಲೇಜುಗಳಿಂದ ಐದಾರು ಮಕ್ಕಳು ಆರು ವಾರದ ಇಂಟರ್ನ್‌ಶಿಪ್‌ಗೆ ಬರುತ್ತಿದ್ದರು. ಬರೆಯುವುದು, ಬರೆದದ್ದನ್ನು ಟೈಪ್ ಮಾಡುವುದು, ತಿದ್ದುವುದು. ಕೊನೆಗೆ ಸಂಪಾದಕರ ಸಹಿ ಇರುವ ಪ್ರಮಾಣಪತ್ರ. ಅದಿಲ್ಲದೆ ಕಾಲೇಜಿನಲ್ಲಿ ಅಂಕ ಸಿಗುವುದಿಲ್ಲ. ತಿದ್ದುವುದನ್ನು ಕಲಿಸುವ ಹೊಣೆ ದೊಡ್ಡಮ್ಮನದು.

ಅವಳ ಕಣ್ಣು ಮಂಜಾಗತೊಡಗಿದ್ದು ಮೂರು ವರ್ಷದ ಹಿಂದೆ. ಮೊದಲು ಬಲ್ಬ್ ಬದಲಾಯಿಸಿದಳು. ಆಮೇಲೆ ಪ್ರಿಂಟರಿನ ಶಾಯಿ ತೆಳುವಾಗಿದೆ ಎಂದು ಜಗಳ ತೆಗೆದಳು. ಒಂದು ದಿನ ‘ಧ’ಕ್ಕೂ ‘ದ’ಕ್ಕೂ ವ್ಯತ್ಯಾಸ ಕಾಣದೆ ಹೋಯಿತು. ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಕಚೇರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಬದಲಿಗೆ ಒಂದು ಉಪಾಯ ಹೂಡಿದಳು.

“ಗಟ್ಟಿಯಾಗಿ ಓದಿ,” ಎಂದಳು ಮಕ್ಕಳಿಗೆ. “ಕಣ್ಣು ಮೋಸ ಮಾಡುತ್ತೆ, ಕಿವಿ ಮಾಡಲ್ಲ. ಒಂದೊಂದು ಅಕ್ಷರಾನೂ ನನಗೆ ಕೇಳಿಸ್ಬೇಕು.”

ಮಕ್ಕಳು ಅದನ್ನು ಶಿಸ್ತು ಎಂದುಕೊಂಡರು. ಸಂಪಾದಕರಂತೂ ಇದೊಂದು ಒಳ್ಳೆಯ ಪದ್ಧತಿ ಎಂದು ಮೆಚ್ಚಿ ಕಾಲೇಜಿನವರ ಮುಂದೆಯೂ ಹೊಗಳಿದರು. ಆಗ ಇವಳು ಮೆಲ್ಲಗೆ ಬೀಜ ಬಿತ್ತಿದಳು: ರಜೆಯಲ್ಲಿ ಮಾತ್ರ ಯಾಕೆ, ಸರದಿಯ ಮೇಲೆ ವರ್ಷವಿಡೀ ಕಳಿಸಲಿ. ಕಳಿಸಿದರು. ಹಾಗೆ ಮೂರು ವರ್ಷ ಪರರ ಮಕ್ಕಳ ಕಣ್ಣಲ್ಲಿ ಕೆಲಸ ಮಾಡಿದಳು, ಅವರಿಗೆ ಪಾಠ ಹೇಳುತ್ತಿದ್ದೇನೆ ಎಂಬ ಮುಖ ಹೊತ್ತು.

ಮೂರನೆಯ ವರ್ಷ ಒಬ್ಬ ಹುಡುಗಿ ಬಂದಳು. ಚುರುಕು, ಆದರೆ ನಾಲಿಗೆಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಳ್ಳಿ ಅಳ್ಳಿಯಾಗುತ್ತಿತ್ತು, ಹೂವು ಊವಾಗುತ್ತಿತ್ತು. ದೊಡ್ಡಮ್ಮ ಎಲ್ಲರೆದುರೇ ಅವಳನ್ನು ಹಿಡಿದಳು. “ಏನಮ್ಮಾ, ‘ಹ’ ಅನ್ನೋದನ್ನ ಮನೇಲೇ ಇಟ್ಟು ಬಂದ್ಯಾ? ನಾಳೆ ಬರುವಾಗ ತಗೊಂಡು ಬಾ.” ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಮಾರನೆಯ ದಿನದಿಂದ ಬರೆಯುವಾಗ ಎಲ್ಲಿ ಸಂಶಯ ಬಂದರೂ ಅಲ್ಲೊಂದು ‘ಹ’ ಇಡತೊಡಗಿದಳು.

ಆ ಹುಡುಗಿಗೆ ಕೊಟ್ಟ ಲೇಖನ ಒಬ್ಬ ನಿವೃತ್ತ ನರ್ಸಮ್ಮನ ಬಗ್ಗೆ. ಒಂಟಿ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲೇ ಬಡವರ ಗಾಯಕ್ಕೆ ಪಟ್ಟಿ ಕಟ್ಟುವವರು. ಹುಡುಗಿ ಮೂರು ಸಲ ಹೋಗಿ ಮಾತಾಡಿಸಿ ಚೆನ್ನಾಗಿಯೇ ಬರೆದಳು. ಬರೆದದ್ದನ್ನು ದೊಡ್ಡಮ್ಮನಿಗೆ ಓದಿಹೇಳಿದಳು: “ಯಾವ ವೇಳೆಯಲ್ಲಿ ಯಾರೇ ಬಾಗಿಲು ತಟ್ಟಲಿ, ಈ ಮನೆಯಲ್ಲಿ ಆದರಕ್ಕೆ ಕೊರತೆಯಿಲ್ಲ.”

“ಒಳ್ಳೇ ವಾಕ್ಯ,” ಎಂದಳು ದೊಡ್ಡಮ್ಮ. ಪುಟದ ಕೆಳಗೆ ಸಹಿ ಹಾಕಿದಳು.

ಅಚ್ಚಾಗಿದ್ದು ‘ಹಾದರಕ್ಕೆ ಕೊರತೆಯಿಲ್ಲ’ ಎಂದು. ಹುಡುಗಿ ಬರೆದದ್ದೇ ಹಾಗೆ; ಓದುವಾಗ ಅವಳ ನಾಲಿಗೆ ಅದನ್ನು ತಾನಾಗಿಯೇ ಸರಿಮಾಡಿಬಿಟ್ಟಿತ್ತು. ಕಂಪ್ಯೂಟರಿಗೂ ಅದು ಗೊತ್ತಿರುವ ಪದವೇ, ಕೆಂಪು ಗೆರೆ ಬೀಳಲಿಲ್ಲ.

ಪತ್ರಿಕೆ ಅಂಗಡಿಗೆ ಹೋದ ದಿನ ಹನ್ನೊಂದಕ್ಕೆಲ್ಲ ಸಂಪಾದಕರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಆ ಪುಟ ತೆರೆದಿತ್ತು.

“ಮೇಡಂ, ಇದನ್ನ ನೀವು ನೋಡಿದ್ರಾ?”

“ನೋಡಿದ್ದೆ. ನಾನು ನೋಡಿದಾಗ ಸರಿಯಾಗೇ ಇತ್ತು.”

“ಮತ್ತೆ ಇದು?”

“ಆಮೇಲೆ ಯಾರೋ ಮುಟ್ಟಿರ್ಬೇಕು.”

ಇದನ್ನು ನನಗೆ ಹೇಳುವಾಗ ದೊಡ್ಡಮ್ಮ ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿದಳು. “ಯಾರೋ ಅಂದೆ ಕಣೆ. ಇಂಥವರು ಅನ್ನಲಿಲ್ಲ. ಅನ್ನದೇ ಇದ್ದಿದ್ದೇ ಏನೋ ನನ್ನ ದೊಡ್ಡತನ ಅನ್ನೋ ಹಾಗೆ.”

ಸಂಪಾದಕರು ಹುಡುಗಿಯತ್ತ ತಿರುಗಿದರು.

“ಹಾಗೆ ಬರೆದಿದ್ದು ನಾನೇ ಸರ್,” ಎಂದಳು ಅವಳು. ಹಕಾರ ಸ್ಪಷ್ಟವಾಗಿತ್ತು, ಕಷ್ಟಪಟ್ಟು ಎಳೆದು ತಂದಂತಿತ್ತು. “ಆದ್ರೆ ಆಮೇಲೆ ಮುಟ್ಟಿಲ್ಲ.”

“ಅಂದ್ರೆ ಮೇಡಂ ಸುಳ್ಳು ಹೇಳ್ತಿದಾರಾ?”

ಹುಡುಗಿ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಳು. ದೊಡ್ಡಮ್ಮನಿಗೆ ಅವಳ ಮುಖ ಕಾಣಲಿಲ್ಲ. ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ಮಾತ್ರ ಗೊತ್ತಾಯಿತು.

“ಇಲ್ಲ ಸರ್. ತಪ್ಪು ನಂದೇ.”

ಇಂಟರ್ನ್‌ಶಿಪ್ ಅಲ್ಲಿಗೇ ರದ್ದಾಯಿತು. ಹುಡುಗಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದುಹೋದಳು. ದೊಡ್ಡಮ್ಮ ಮೇಜಿಗೆ ಮರಳಿ ಸುಮ್ಮನೆ ಒಂದು ಪುಟ ಎತ್ತಿಕೊಂಡಳು. ಅಕ್ಷರ ಸಣ್ಣದಾಗಿ, ಎಂದಿಗಿಂತ ಮಸುಕಾಗಿ ಕಂಡಿತು.

“ಇದ್ಯಾಕೋ ಇಷ್ಟು ಸಣ್ಣಗೆ ತೆಗ್ದಿದೀಯ?”

“ಯಾವಾಗಲೂ ತೆಗೆಯೋದೇ ಇಷ್ಟು ಮೇಡಂ,” ಎಂದ ಪುಟ ಕಟ್ಟುವವನು. “ಆ ಹುಡುಗಿ ಬಂದ ಮೇಲೆ ನಿಮ್ಮ ಪ್ರತಿ ಮಾತ್ರ ದೊಡ್ಡಕ್ಷರದಲ್ಲಿ ತಾನೇ ತೆಗೆದು ಕೊಡ್ತಿದ್ಲು. ನೀವೇ ಹೇಳಿರ್ಬೇಕು ಅಂದ್ಕೊಂಡಿದ್ದೆ.”

ಅಂದರೆ ಹುಡುಗಿಗೆ ಗೊತ್ತಿತ್ತು. ಸಂಪಾದಕರ ಮುಂದೆ ‘ಇವರಿಗೆ ಕಣ್ಣೇ ಕಾಣಲ್ಲ’ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಅದಾದ ಮೇಲಿನ ನಾಲ್ಕು ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯಲ್ಲಿ ಯಾರ ಮಾತನ್ನೂ ಅವಳು ತಿದ್ದಲಿಲ್ಲ. ಅಮ್ಮ “ಅಕ್ಕಾ, ಊಟಕ್ಕೆ ಬಾರೇ” ಎಂದು ಮೂರು ಸಲ ಕರೆಯಬೇಕಾಗುತ್ತಿತ್ತು. ಮೈ ಸರಿಯಿಲ್ಲವೇನೋ ಎಂದುಕೊಂಡೆವು. ತನ್ನ ತಟ್ಟೆಯನ್ನು ತಾನೇ ತಡವಿ ಹುಡುಕುತ್ತಿದ್ದದ್ದು ನಮ್ಮ ಕಣ್ಣಿಗೂ ಬೀಳಲಿಲ್ಲ, ನಮ್ಮವು ಸರಿಯಾಗೇ ಇದ್ದರೂ.

ಐದನೆಯ ದಿನ ನರ್ಸಮ್ಮನ ಮನೆಗೆ ಹೋದಳು. ಅವರು ಬಾಗಿಲು ತೆರೆದು, ಕೂರಿ ಎಂದರು. ದೊಡ್ಡಮ್ಮ ಕುರ್ಚಿಯ ಬೆನ್ನು ಹುಡುಕಲು ಕೈ ಚಾಚಿದ್ದನ್ನು ನೋಡಿ ಕೇಳಿದರು, “ಎರಡೂ ಕಣ್ಣಿಗೂ ಪೊರೆ ಬಂದಿದೆಯಾ? ಎಷ್ಟು ದಿನ ಆಯ್ತು?”

ಅಷ್ಟಕ್ಕೇ ದೊಡ್ಡಮ್ಮನ ಬಾಯಿಂದ ಎಲ್ಲವೂ ಹೊರಬಿತ್ತು.

“ಈ ವಯಸ್ಸಲ್ಲಿ ಇಂಥ ಕೀರ್ತಿ ಬರುತ್ತೆ ಅಂದ್ಕೊಂಡಿರ್ಲಿಲ್ಲ,” ಎಂದರು ನರ್ಸಮ್ಮ ಕೊನೆಗೆ. “ನಾನು ನಗೋದಕ್ಕೆ ನಾಲ್ಕು ದಿನ ಬೇಕಾಯ್ತು. ಪಕ್ಕದ ಮನೆಯವರು ಮೊದಲನೇ ದಿನದಿಂದಲೇ ನಗ್ತಿದಾರೆ. ನನ್ನ ವಿಷಯ ಬಿಡಿ. ಆ ಮಗು ಅವತ್ತೇ ಬಂದು ಇಲ್ಲಿ ಅತ್ತು ಹೋಯ್ತು. ನಿಮ್ಮ ಸುದ್ದಿ ಎತ್ತಲೇ ಇಲ್ಲ.”

ದೊಡ್ಡಮ್ಮ ಅಲ್ಲಿಂದ ನೇರವಾಗಿ ಸಂಪಾದಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. “ಮೂರು ವರ್ಷಾನಾ?” ಎಂದಷ್ಟೇ ಕೇಳಿದರು. ಮುಂದಿನ ಸಂಚಿಕೆಯಲ್ಲಿ ಕ್ಷಮಾಪಣೆ ಬಂತು. ತಪ್ಪು ಆದದ್ದು ಕರಡು ತಿದ್ದಿದವರದು, ವಿದ್ಯಾರ್ಥಿನಿಯದಲ್ಲ ಎಂಬ ಸಾಲನ್ನು ದೊಡ್ಡಮ್ಮನೇ ಹಟಹಿಡಿದು ಸೇರಿಸಿದ್ದಳು. ಪ್ರಮಾಣಪತ್ರವೂ ಸಿದ್ಧವಾಯಿತು. ಆಪರೇಷನ್ ಮಾಡಿಸಿಕೊಳ್ಳಿ, ಆಮೇಲೆ ನೋಡೋಣ ಎಂದರು ಸಂಪಾದಕರು. ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಪ್ರಮಾಣಪತ್ರವನ್ನು ಅಂಚೆಗೆ ಹಾಕಲು ಅವಳು ಬಿಡಲಿಲ್ಲ. ತಾನೇ ಕಾಲೇಜಿಗೆ ಹೋದಳು. ಹುಡುಗಿ ತರಗತಿಯ ಹೊರಗೆ ಗೆಳತಿಯರ ಜೊತೆ ನಿಂತಿದ್ದಳು. ಕಚೇರಿಯಲ್ಲಿ ಹೀಯಾಳಿಸಿದ್ದು ಎಲ್ಲರೆದುರು, ಕ್ಷಮೆಯೂ ಎಲ್ಲರೆದುರೇ ಕೇಳಬೇಕು ಎಂದು ನಿಶ್ಚಯಿಸಿಕೊಂಡು ಹೋಗಿದ್ದಳಂತೆ. ಕೇಳಿದಳು. ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ.

ಹುಡುಗಿ ಲಕೋಟೆ ತೆಗೆದುಕೊಂಡಳು. “ಸರಿ ಮೇಡಂ,” ಎಂದಳು. “ಬೆಲ್ ಆಯ್ತು.” ಎಲ್ಲರ ಜೊತೆ ಒಳಗೆ ಹೋದಳು. ಮೇಷ್ಟ್ರು ಬಂದು ಬಾಗಿಲು ಹಾಕಿಕೊಂಡರು.

“ಬೈದಿದ್ರೆ ಚೆನ್ನಾಗಿತ್ತು ಕಣೆ,” ಎಂದಳು ದೊಡ್ಡಮ್ಮ. “ಪರವಾಗಿಲ್ಲ ಅಂದಿದ್ರೂ ಆಗ್ತಿತ್ತು.”

ಐದು ನಿಮಿಷ ಮುಗಿದಿತ್ತು. ಕಣ್ಣು ಬಿಡಬಹುದು ಎಂದೆ. ಅವಳು ಬಿಡಲಿಲ್ಲ.