ಮೇಡಂ ತಡೆದು ನಿಲ್ಲಿಸಿದ ದೂರದರ್ಶಕ

ಕಳೆದ ವಾರ ಚೆನ್ನೈನ ಅಣ್ಣಾ ನಗರದಲ್ಲಿ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶವಿತ್ತು. ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದು ಬಂದಾಗ ಎಲ್ಲರೂ ಮುಂದೆ ಬಾಗಿ ಕಣ್ಣಿಗೊತ್ತಿಕೊಂಡರು. ಕರ್ಪೂರದ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮಾತ್ರ ಹಿಂದಕ್ಕೆ ಸರಿದು ಗೋಡೆಗೆ ಒರಗಿದೆ.

“ಏನಕ್ಕಾ, ದೇವರ ಮೇಲೆ ಕೋಪವಾ?” ಎಂದಳು ತಂಗಿ.

“ವಿಡುಮ್ಮಾ, ಅದು ಆಫೀಸ್ ಪಳಕ್ಕಂ,” ಎಂದಳು ಅವಳ ಮಗಳು. ಬಿಡಮ್ಮಾ, ಅದು ಆಫೀಸಿನ ಅಭ್ಯಾಸ ಎಂದು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ತಮಿಳೇ ಬರುತ್ತದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಊಟಕ್ಕೆ ಕುಳಿತಾಗ ಎಲೆಯ ಮೇಲೆ ಏನು ಬಡಿಸಿದರೆಂದೇ ಗಮನಕ್ಕೆ ಬರಲಿಲ್ಲ. ಮನಸ್ಸೆಲ್ಲ ಮೇಡಂ ಹತ್ತಿರ ಹೋಗಿಬಿಟ್ಟಿತ್ತು…

ನಾನು ಹೆಚ್ಚು ಓದಿದವಳಲ್ಲ. ಅಪ್ಪ ಪೆರಂಬೂರಿನಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಸೇರಿದೆ. ಎಲ್ಲೆಲ್ಲೋ ವರ್ಗವಾಗಿ ಕೊನೆಗೆ ಬಂದದ್ದು ಬಾಹ್ಯಾಕಾಶ ದೂರದರ್ಶಕಗಳ ಯೋಜನಾ ಕಚೇರಿಗೆ, ಅದರ ಮುಖ್ಯಸ್ಥೆ ಮೇಡಂ ಅವರ ಆಪ್ತ ಸಹಾಯಕಿಯಾಗಿ. ಆಕಾಶಕ್ಕೆ ಹೋಗಿ ಅಲ್ಲಿಂದ ನಕ್ಷತ್ರಗಳನ್ನು ನೋಡುವ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ನಿರ್ಧರಿಸಿ, ಕಟ್ಟಿಸಿ, ಕಳಿಸುವ ಕಚೇರಿ ಅದು.

ಮೊದಲ ದಿನ ನಾನು ಮೇಡಂ ಅವರನ್ನು, “ನೀವು ದಿನಾ ನಕ್ಷತ್ರ ನೋಡ್ತೀರಾ?” ಎಂದು ಕೇಳಿದ್ದೆ.

“ನಾನಾ? ನಾನು ನೋಡೋದು ಫೈಲು, ಮೀಟಿಂಗು, ಮತ್ತೆ ಮುಖ ಊದಿಸಿಕೊಂಡಿರೋ ವಿಜ್ಞಾನಿಗಳನ್ನ. ನಕ್ಷತ್ರ ಅವರು ನೋಡ್ತಾರೆ,” ಎಂದರು.

ಅವರ ಮನೆತನ ತಲೆಮಾರುಗಳಿಂದ ಟ್ರಿಪ್ಲಿಕೇನಿನಲ್ಲಿ ನೆಲೆಸಿದ ವೈಷ್ಣವರದು. ಮನೆಯಲ್ಲಿ ಕನ್ನಡವೇ, ಆದರೆ ಅವರ ಮಾತಿನ ನಡುನಡುವೆ ತಮಿಳು ನುಸುಳುತ್ತಿತ್ತು. ಮದುವೆಯಾಗಿರಲಿಲ್ಲ. ಬೆಸೆಂಟ್ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ತಮ್ಮನ ಕುಟುಂಬದ ಜೊತೆ ಇದ್ದರು. ಸಿಟ್ಟು ಬೇಗ ಬರುತ್ತಿತ್ತು. ನಾನು ಟೈಪ್ ಮಾಡಿದ ಹಾಳೆಯಲ್ಲಿ ತಪ್ಪು ಕಂಡರೆ ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟುತ್ತ, ಏನೂ ಮಾತಾಡದೆ ಕೂರುತ್ತಿದ್ದರು. ಬೈದರೇ ವಾಸಿ ಅನ್ನಿಸುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ಆ ಕೆಲಸದಲ್ಲಿ ‘ಆಗಲಿ’ ಎನ್ನುವುದಕ್ಕಿಂತ ‘ಇಲ್ಲ’ ಎನ್ನುವುದೇ ಜಾಸ್ತಿ. ಎಲ್ಲೋ ಒಬ್ಬರು ಅರ್ಧ ಆಯಸ್ಸು ಕೂತು ಒಂದು ಯಂತ್ರದ ಯೋಚನೆ ಮಾಡಿ ತಂದಿರುತ್ತಾರೆ, ಸರ್ಕಾರದ ಹತ್ತಿರ ಎಲ್ಲದಕ್ಕೂ ಅನುಕೂಲ ಇರುವುದಿಲ್ಲ. ಬೇರೆ ಕಚೇರಿಗಳಲ್ಲಾದರೆ ವಿಷಾದದ ಎರಡು ಸಾಲಿನ ಪತ್ರ ಹೋಗುತ್ತದೆ. ಮೇಡಂ ಹಾಗೆ ಮಾಡುತ್ತಿರಲಿಲ್ಲ. ಅವರನ್ನು ಕರೆಸಿ, ಎದುರು ಕೂರಿಸಿ, ಕಾಫಿ ತರಿಸಿ, ಮುಖ ನೋಡಿ ‘ಇಲ್ಲ’ ಎನ್ನುತ್ತಿದ್ದರು. ಕೆಲವರು ಅತ್ತರು. ಕೆಲವರು ಕೂಗಾಡಿದರು. ಆಮೇಲೆ ಮೇಡಂ ಬಹಳ ಹೊತ್ತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ನಾನು ಸೇರುವ ಹೊತ್ತಿಗೆ ಅವರ ಮುಂದಿದ್ದ ದೊಡ್ಡ ಕೆಲಸ ನೇರಳಾತೀತ ಬೆಳಕನ್ನು ನೋಡುವ ಒಂದು ದೂರದರ್ಶಕ. ಹಿಂದಿನವುಗಳೆಲ್ಲ ಯಾರೋ ಶುರು ಮಾಡಿದ್ದು, ಇವರು ಮುಗಿಸಿದ್ದು. ಇದೊಂದನ್ನು ಮಾತ್ರ ಮೊದಲ ಹಾಳೆಯಿಂದ ಅವರೇ ಎಬ್ಬಿಸಿದ್ದರು. ನಿವೃತ್ತಿ ಹತ್ತಿರದಲ್ಲಿತ್ತು. “ಈ ಕುರ್ಚೀಲಿ ಕೂತುಕೊಂಡು ಇದು ಕಳಿಸೋ ಮೊದಲನೇ ಚಿತ್ರ ನೋಡಬೇಕು. ಅದಾದ ಮೇಲೆ ಯಾರು ಏನಾದ್ರೂ ಮಾಡಿಕೊಳ್ಳಲಿ,” ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಅವರು ಆಸೆ ಎಂದು ಬಾಯಿಬಿಟ್ಟು ಹೇಳಿದ್ದು ಅದೊಂದನ್ನೇ.

ನಮ್ಮ ಕಟ್ಟಡದ ಹಿಂಭಾಗದಲ್ಲೇ ಲ್ಯಾಬ್. ಅದರ ಒಳಕೋಣೆಗೆ ಹೋಗಬೇಕಾದರೆ ಹೆಂಗಸರು ಹೂವು ತೆಗೆಯಬೇಕು, ಮುಖದ ಪೌಡರ್ ತೊಳೆಯಬೇಕು, ಹಣೆಯ ಕುಂಕುಮವನ್ನೂ ಒರೆಸಬೇಕು. ಆ ಹೂವನ್ನೆಲ್ಲ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜು ಮೈಲಾಪುರದ ಹೂವಿನ ಅಂಗಡಿಯಂತಾಗುತ್ತಿತ್ತು. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕುಂಕುಮ ಒರೆಸಲು ಹಿಂಜರಿದಳು. ಮೇಡಂ ತಮ್ಮ ಹಣೆಯನ್ನು ಸೆರಗಿನಿಂದ ಒರೆಸಿಕೊಂಡು, “ದೇವರು ಕೋಪಿಸಿಕೊಳ್ಳಲ್ಲಮ್ಮಾ. ಕನ್ನಡಿ ಕೋಪಿಸಿಕೊಳ್ಳತ್ತೆ,” ಎಂದರು.

ದೂರದರ್ಶಕದ ಜೀವವೆಲ್ಲ ಅದರ ಕನ್ನಡಿಯಲ್ಲಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆ ಅದರ ಮೇಲೆ ಕೂತರೂ ಸಾಕು, ಆ ಜಾತಿಯ ಬೆಳಕು ಅಲ್ಲಿಗೇ ನಿಲ್ಲುತ್ತದಂತೆ. ಅದಕ್ಕೇ ಕನ್ನಡಿಯ ಪಕ್ಕದಲ್ಲಿ ಸಣ್ಣ ಗಾಜಿನ ಬಿಲ್ಲೆಯೊಂದನ್ನು ಇಟ್ಟಿರುತ್ತಿದ್ದರು. ಅದನ್ನು ‘ಸಾಕ್ಷಿ’ ಎಂದು ಕರೆಯುತ್ತಿದ್ದರು. ಕನ್ನಡಿಯನ್ನು ಮುಟ್ಟುವ ಹಾಗಿಲ್ಲವಲ್ಲ, ಆಗಾಗ ಸಾಕ್ಷಿಯನ್ನು ತೆಗೆದು ಪರೀಕ್ಷಿಸಿದರೆ ಕನ್ನಡಿಯ ಕಥೆ ತಿಳಿಯುತ್ತಿತ್ತು.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ನನ್ನು ನಾವೆಲ್ಲ ‘ಹೊಸೂರಣ್ಣ’ ಎನ್ನುತ್ತಿದ್ದೆವು. ಹೊಸೂರಿನ ಕಡೆಯ ಕನ್ನಡದವನು. ಆ ದೂರದರ್ಶಕದ ಪ್ರತಿಯೊಂದು ಸ್ಕ್ರೂವನ್ನೂ ಬಿಗಿದವನು ಅವನು. ಅದನ್ನು ‘ಮಗು’ ಎಂದೇ ಕರೆಯುತ್ತಿದ್ದ.

ರಾಕೆಟ್ಟಿನಲ್ಲಿ ಜಾಗ ಗೊತ್ತಾಗಿ, ಇನ್ನೇನು ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು ಎನ್ನುವಾಗ ಆಯುಧಪೂಜೆ ಬಂತು. ಕಚೇರಿಯಲ್ಲಿ ಎಲ್ಲದಕ್ಕೂ ಪೂಜೆ: ಜೀಪಿಗೆ, ಕಂಪ್ಯೂಟರಿಗೆ, ಝೆರಾಕ್ಸ್ ಯಂತ್ರಕ್ಕೆ, ನನ್ನ ಸ್ಟೇಪ್ಲರಿಗೂ. ಗೇಟಿನ ಮುಂದೆ ಬೂದುಗುಂಬಳ ಒಡೆದು, ಪುರಿ-ಕಡಲೆ ಹಂಚಿದರು. ಲ್ಯಾಬಿಗೆ ಮಾತ್ರ ಪೂಜೆ ಇಲ್ಲ. ಅದು ಮೇಡಂ ಅವರ ಕಟ್ಟಪ್ಪಣೆ. ಬೇರೆ ವರ್ಷಗಳಲ್ಲಿ ಆ ದಿನ ಲ್ಯಾಬಿಗೆ ಬೀಗ ಹಾಕಿಸುತ್ತಿದ್ದರು. ಈ ಸಲ ಕೊನೆಯ ಪರೀಕ್ಷೆಗಾಗಿ ದೂರದರ್ಶಕದ ಮುಚ್ಚಳ ತೆಗೆದಿತ್ತು, ಜನ ಹೋಗಿ ಬರುತ್ತಿದ್ದರು. ಹಾಗಾಗಿ ಬೀಗ ಹಾಕಿಸಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಲ್ಯಾಬಿನಿಂದ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕುಳಿತರು. ಒಳಗೆ ಹೋಗುವಾಗ ಇಟ್ಟಿದ್ದ ಹೂವನ್ನು ಮತ್ತೆ ಮುಡಿಯಲಿಲ್ಲ, ಅಲ್ಲೇ ಬೆರಳಿನಿಂದ ಹೊಸಕುತ್ತಿದ್ದರು.

“ಯಾರೋ ಕರ್ಪೂರ ಹಚ್ಚಿದ್ದಾರೆ. ಬಟ್ಟೆ ಬದಲಾಯಿಸೋ ಕೋಣೆ ಹತ್ತಿರ ವಾಸನೆ ಇದೆ.”

ಹಿಂದೆಯೇ ಬಂದ ಹೊಸೂರಣ್ಣ ಬಾಗಿಲಲ್ಲಿ ನಿಂತಿದ್ದ. “ನಾನೇ ಅಮ್ಮಾ.”

“ನೀವಾ?”

“ಒಂದೇ ಬಿಲ್ಲೆ ಅಮ್ಮಾ, ಈ ಉಗುರಷ್ಟು. ಹೊರಗಡೇನೇ ಹಚ್ಚಿದ್ದು. ಸ್ಟೇಪ್ಲರ್‌ಗೂ ಕುಂಕುಮ ಇಟ್ಟವ್ರೆ. ಅಷ್ಟು ದೂರ ಹೋಗೋ ಮಗೂನ ದೃಷ್ಟಿ ತೆಗೀದೆ ಹೆಂಗಮ್ಮಾ ಕಳ್ಸೋದು?”

“ದೃಷ್ಟಿ ತೆಗೆದ್ರಿ, ಸರಿ. ಜೊತೆಗೆ ಕಣ್ಣೂ ತೆಗೆದ್ರಲ್ಲ ಅಣ್ಣಾ.”

ಒಳಕೋಣೆಗೆ ಗಾಳಿ ಎಳೆದುಕೊಳ್ಳುವ ಯಂತ್ರದ ಬಾಯಿ ಅವನು ಕರ್ಪೂರ ಹಚ್ಚಿದ್ದ ಜಾಗದ ಮೇಲೇ ಇತ್ತು. ಅವನು ಅದನ್ನು ಯೋಚಿಸಿರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಮಡಿಸುತ್ತ, ಬಿಚ್ಚುತ್ತ ನಿಂತ…

ಸಾಕ್ಷಿಯನ್ನು ತೆಗೆದು ಪರೀಕ್ಷಿಸಿದರು. ಪೊರೆ ಇತ್ತು. ಬಹಳವಲ್ಲ, ಆದರೆ ಇತ್ತು. ಚಿತ್ರ ಸ್ವಲ್ಪ ಮಂಕಾಗಬಹುದು, ತೀರಾ ದೂರದ ನಕ್ಷತ್ರಗಳು ಕಾಣದೆ ಹೋಗಬಹುದು, ಯಂತ್ರ ಕೆಲಸ ಮಾಡುತ್ತದೆ ಎಂದರು ಕೆಲವರು. ಹೋಗಲಿ ಬಿಡಿ ಮೇಡಂ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಈಗ ನಿಲ್ಲಿಸಿದರೆ ಕನ್ನಡಿಯನ್ನು ಬಿಚ್ಚಿ, ಹಳೆಯ ಲೇಪನ ತೆಗೆದು, ಹೊಸದಾಗಿ ಲೇಪಿಸಿ, ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಬೇಕಿತ್ತು. ರಾಕೆಟ್ಟಿನ ಜಾಗ ಬೇರೆಯವರಿಗೆ ಹೋಗುತ್ತಿತ್ತು. ಮುಂದಿನ ಜಾಗ ಯಾವಾಗಲೋ. ಅಷ್ಟರಲ್ಲಿ ಮೇಡಂ ನಿವೃತ್ತರಾಗಿ ಮನೆಯಲ್ಲಿರುತ್ತಿದ್ದರು.

ಆ ಸಂಜೆ ಅವರು ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ನಾನು ಹೊರಡುವ ಮುನ್ನ ಕಾಫಿ ಲೋಟ ತೆಗೆಯಲು ಹೋದೆ.

“ನೀನಾಗಿದ್ರೆ ಏನು ಮಾಡ್ತಿದ್ದೆ?” ಎಂದರು.

“ನನಗೇನು ಗೊತ್ತು ಮೇಡಂ. ಅಷ್ಟು ವರ್ಷ ಕಾದಿದ್ದೀರಿ. ಕಳಿಸಿಬಿಡ್ತಿದ್ದೆನೇನೋ.”

“ಆಮಾ, ಹೌದು, ನನಗೂ ಹಾಗೇ ಅನ್ನಿಸ್ತಿದೆ. ಅದೇ ಕಷ್ಟ. ಕಳಿಸಿಬಿಟ್ರೆ ಆಮೇಲೆ ಮೇಲಕ್ಕೆ ಹೋಗಿ ಯಾರೂ ಒರೆಸೋಕಾಗಲ್ಲ,” ಎಂದರು.

ಮರುದಿನ ನಿಲ್ಲಿಸಿದರು.

ದೂರದರ್ಶಕಕ್ಕಾಗಿ ಕಾದಿದ್ದ ವಿಜ್ಞಾನಿಗಳನ್ನೆಲ್ಲ ಅವರ ಪದ್ಧತಿಯಂತೆ ಕರೆಸಿದರು. ಅವರಲ್ಲಿ ಒಬ್ಬ ಹುಡುಗಿ ಇದ್ದಳು, ಸಂಶೋಧನೆಗೆ ಸೇರಿದ್ದೇ ಈ ಯಂತ್ರವನ್ನು ನಂಬಿಕೊಂಡು. ಹಿಂದೆ ಕುಂಕುಮ ಒರೆಸಲು ಹಿಂಜರಿದವಳು ಅವಳೇ. “ನಾನು ನಿಮ್ಮ ಮಾತಿಗೆ ಎಲ್ಲವನ್ನೂ ಒರೆಸಿದೆ ಮೇಡಂ. ಇನ್ಯಾರೋ ಮಾಡಿದ್ದಕ್ಕೆ ನನ್ನ ಓದು ನಿಲ್ಲಬೇಕಾ?” ಎಂದಳು. ಮೇಡಂ, “ಹೌದು. ತಪ್ಪಾಯ್ತು,” ಎಂದರು. ಅವಳು ಕಾಫಿ ಮುಟ್ಟದೆ ಎದ್ದು ಹೋದಳು. ಲೋಟ ತೆಗೆದವಳು ನಾನು, ತುಂಬಿದ್ದು ತುಂಬಿದ ಹಾಗೇ ಇತ್ತು.

ಆಮೇಲೆ ದೆಹಲಿಯ ಸಮಿತಿ. ಪರದೆಯ ಮೇಲೆ ಸಾಲಾಗಿ ಮುಖಗಳು. ಟಿಪ್ಪಣಿ ಬರೆಯಲು ನಾನು ಮೂಲೆಯಲ್ಲಿ ಕೂತಿದ್ದೆ. ಯಾರು ಮಾಡಿದ್ದು, ಹೆಸರೇನು ಎಂದು ಕೇಳಿದರು. ಹೊಸೂರಣ್ಣನ ನಿವೃತ್ತಿಗೂ ಹೆಚ್ಚು ಸಮಯ ಇರಲಿಲ್ಲ. ಹೆಸರು ಹೊರಗೆ ಬಂದಿದ್ದರೆ ಅವನನ್ನು ಅಮಾನತಿನಲ್ಲಿ ಇಡುತ್ತಿದ್ದರು, ಪಿಂಚಣಿಗೂ ಕುತ್ತು ಬರುತ್ತಿತ್ತು.

ಮೇಡಂ ಹೇಳಿದ್ದು ಇಷ್ಟೇ: ಪ್ರತಿ ವರ್ಷ ಆ ದಿನ ಬೀಗ ಹಾಕಿಸುವವಳು ನಾನು, ಈ ವರ್ಷ ಹಾಕಿಸಲಿಲ್ಲ, ಬರೆದುಕೊಳ್ಳಿ. ಸಮಿತಿಯವರು ಮತ್ತೆ ಮತ್ತೆ ಕೇಳಿದಾಗ, ಹೆಸರು ಹೇಳಿದರೆ ಕನ್ನಡಿ ಸ್ವಚ್ಛವಾಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ತಿರುಗಿ ಕೇಳಿದರು. ಪರದೆಯಲ್ಲಿ ಯಾರೋ ಕೆಮ್ಮಿದರು. ಮೇಡಂ ನನ್ನ ಕಡೆ ತಿರುಗಿ ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. ನಾನು ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದೆ…

ಅವರ ಸೇವಾವಧಿಯನ್ನು ವಿಸ್ತರಿಸುತ್ತಾರೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಅಲ್ಲಿಗೇ ನಿಂತಿತು. ನಿವೃತ್ತಿಯ ದಿನ ಶಾಲು, ಹಾರ, ಫೋಟೋ ಎಲ್ಲ ಆಯಿತು. ಹೊಸೂರಣ್ಣ ಸಮಾರಂಭಕ್ಕೆ ಬರಲಿಲ್ಲ. ಮೇಡಂ ತಾವೇ ಲ್ಯಾಬಿನ ಕಡೆ ನಡೆದರು, ನಾನೂ ಹಿಂದೆ ಹೋದೆ. ಅವರು ಅಂದು ತಲೆ ತುಂಬ ಮಲ್ಲಿಗೆ ಮುಡಿದಿದ್ದರು. ಒಳಗೆ ಹೋಗುವ ಹಾಗಿರಲಿಲ್ಲ. ಗಾಜಿನ ಕಿಟಕಿಯ ಆಚೆ ಅವನು ಕನ್ನಡಿಯ ಚೌಕಟ್ಟಿನ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದ. ಇವರನ್ನು ಕಂಡು ನೆಟ್ಟಗೆ ನಿಂತ. ಮುಖಗವಸಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಮೇಡಂ ಕೈ ಬೀಸಿ, ಮುಂದುವರಿಸಿ, ಮುಂದುವರಿಸಿ ಎನ್ನುವ ಹಾಗೆ ಸನ್ನೆ ಮಾಡಿದರು.

ಆಮೇಲೆ ನಾನು ನನ್ನ ಮನೆ ಇರುವ ಮಾಧವರಂನಿಂದ ಬಸ್ಸು ಹಿಡಿದು ಬಿಡುವಾದಾಗಲೆಲ್ಲ ಬೆಸೆಂಟ್ ನಗರಕ್ಕೆ ಹೋಗುತ್ತಿದ್ದೆ. ಬೀಚಿನ ಪಕ್ಕದ ರಸ್ತೆಯಲ್ಲಿ ನಡೆಯುತ್ತಿದ್ದೆವು. ಅವರಿಗೆ ಅಲ್ಲಿ ಮಾರುವ ಸುಂಡಲ್ ಎಂಬ ಕಡಲೆ ಉಸಲಿ ಇಷ್ಟ. ತಮ್ಮನ ಆರೋಗ್ಯ, ಪಾತ್ರೆ ತೊಳೆಯುವವಳ ರಜೆ, ಎಲ್ಲ ಆದ ಮೇಲೆ, ಬೇರೆ ಕಡೆ ನೋಡುತ್ತ, “ಎಲ್ಲಿಗೆ ಬಂತು?” ಎಂದು ಕೇಳುತ್ತಿದ್ದರು. ನನಗೆ ತಿಳಿದಷ್ಟನ್ನು ಹೇಳುತ್ತಿದ್ದೆ. ಲೇಪನ ಆಯಿತಂತೆ. ಪರೀಕ್ಷೆ ನಡೀತಿದೆಯಂತೆ. ರಾಕೆಟ್ಟು ಇನ್ನೂ ಗೊತ್ತಾಗಿಲ್ಲವಂತೆ. “ಪರವಾಯಿಲ್ಲ, ಆಗಲಿ,” ಎನ್ನುತ್ತಿದ್ದರು. ಬರಬರುತ್ತ ನಡಿಗೆ ಚಿಕ್ಕದಾಯಿತು, ಬೆಂಚಿನ ಮೇಲೆ ಕೂರುವುದು ಜಾಸ್ತಿಯಾಯಿತು. ಆಮೇಲೆ ಆಸ್ಪತ್ರೆ. ರಾಕೆಟ್ಟಿನ ದಿನ ಗೊತ್ತಾಯಿತೆಂದು ಹೇಳಲು ಹೋದಾಗ ಅವರಿಗೆ ಎಚ್ಚರವಿತ್ತು. ಕೇಳಿಸಿಕೊಂಡು ನನ್ನ ಕೈ ಅದುಮಿದರು. ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ, ಮುಗಿಯುವ ಮೊದಲೇ ಹೋಗಿಬಿಟ್ಟರು.

ದೂರದರ್ಶಕ ಅವರಿಲ್ಲದೆ ಮೇಲಕ್ಕೆ ಹೋಯಿತು. ತಂಗಿಯ ಮನೆಯ ಗೃಹಪ್ರವೇಶವಾಗಿ ಎರಡು ದಿನಕ್ಕೆ ಅದರ ಮೊದಲ ಚಿತ್ರ ಬಂತು. ನಮ್ಮ ಕಚೇರಿಯ ಹಳಬರು ಹೊಸಬರೆಲ್ಲ ಇರುವ ಫೋನ್ ಗ್ರೂಪಿನಲ್ಲಿ ಹಾಕಿದ್ದರು. ಕಪ್ಪಿನ ಮೇಲೆ ಬಿಳಿ, ನೀಲಿ ಚುಕ್ಕೆಗಳು. ನನಗೆ ಅರ್ಥವಾಗಲಿಲ್ಲ. ಆದರೂ ಅಡುಗೆಮನೆಯಲ್ಲಿ ನಿಂತು ನೋಡುತ್ತಲೇ ಇದ್ದೆ. ಅಭಿನಂದನೆಗಳು ಬರುತ್ತಿದ್ದವು. ನಡುವೆ ಯಾರೋ, ಹಿಂದಿನವರ ಅಜಾಗರೂಕತೆ ಇಲ್ಲದಿದ್ದರೆ ಈ ದಿನ ಎಂದೋ ಬರುತ್ತಿತ್ತು ಎಂದು ಬರೆದರು.

ಸ್ವಲ್ಪ ಹೊತ್ತಿಗೆ ಹೊಸೂರಣ್ಣನ ಫೋನ್. ನಿವೃತ್ತನಾಗಿ ಊರಲ್ಲಿದ್ದಾನೆ.

“ಅಕ್ಕಾ, ಕನ್ನಡಿ ಬಲೇ ಚೆನ್ನಾಗೈತಂತೆ. ಲ್ಯಾಬಿನ ಹುಡುಗ್ರು ಹೇಳಿದ್ರು.”

“ನೋಡಿದೆ ಅಣ್ಣಾ.”

“ಅವ್ರು ಬರೆದಿರೋದು ನೋಡಿದ್ರಾ?”

“ಹೂಂ.”

“ನಾನು ಬರೆದುಬಿಡ್ತೀನಿ ಅಕ್ಕಾ. ಅಮ್ಮ ಇದ್ದಿದ್ರೆ ಬೈತಿದ್ರು. ಈಗ ಬೈಯೋಕೆ ಯಾರವ್ರೆ?”

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಬರೆಯಿರಿ ಎಂದೂ ಹೇಳಲಿಲ್ಲ. ಅವನು ಬರೆದ. ಆ ದಿನ ತಪ್ಪು ಮಾಡಿದವನು ನಾನು, ಮೇಡಂ ಅಲ್ಲ, ನನ್ನ ಹೆಸರನ್ನು ಅವರು ಯಾರಿಗೂ ಹೇಳಲಿಲ್ಲ ಎಂದು. ಅದಕ್ಕೆ ಒಂದು ಉತ್ತರ ಬಂತು. ಅಂದು ಕಾಫಿ ಮುಟ್ಟದೆ ಎದ್ದು ಹೋದ ಹುಡುಗಿಯದು. ಈಗ ಆ ಚಿತ್ರಗಳ ಮೇಲೆ ಕೆಲಸ ಮಾಡುತ್ತಿರುವವಳು ಅವಳೇ. “ತೀರಾ ದೂರದವೂ ಕಾಣುತ್ತಿವೆ ಅಣ್ಣಾ,” ಎಂದಷ್ಟೇ ಬರೆದಿದ್ದಳು.

ನಾನೂ ಏನಾದರೂ ಬರೆಯಬೇಕೆನ್ನಿಸಿತು. ಏನೂ ತೋಚದೆ ‘ಮೇಡಂ, ಚಿತ್ರ ಬಂತು’ ಎಂದು ಬರೆದು ಕಳಿಸಿದೆ. ಅವರ ಫೋನ್ ಆಗಲೇ ಆಫ್ ಆಗಿದೆ, ಆದರೆ ನಂಬರನ್ನು ಗ್ರೂಪಿನಿಂದ ಇನ್ನೂ ಯಾರೂ ತೆಗೆದಿಲ್ಲ. ಗ್ರೂಪಿನ ಎಲ್ಲರ ಫೋನನ್ನೂ ಮುಟ್ಟಿದರೆ ಸಂದೇಶದ ಕೆಳಗೆ ಎರಡು ಟಿಕ್ ಗೀಟು ಬರುತ್ತವೆ ಎಂದು ತಂಗಿಯ ಮಗಳು ಹೇಳಿಕೊಟ್ಟಿದ್ದಳು. ನನ್ನದಕ್ಕೆ ಒಂದೇ ಗೀಟು ಇದೆ. ಇವತ್ತು ಬೆಳಿಗ್ಗೆ ಕೂಡ ನೋಡಿದೆ…